ಫ್ಯಾನು ನಿಲ್ಲಿಸಿ ಪಾಠ ಹೇಳುವುದು: ಅಧ್ಯಾಪಕರ ವಿಡಿಯೊ ತರಬೇತಿ, ಎರಡು ವರ್ಷಗಳ ಬಳಕೆಯ ನಂತರ

ಕಳೆದ ಎರಡು ವರ್ಷಗಳಲ್ಲಿ ನಾನು ಮಾಡಿದ ಪಾಠದ ವಿಡಿಯೊಗಳು ಒಟ್ಟು 63. ಅವುಗಳಲ್ಲಿ ಮೊದಲ 11ನ್ನು ಈಗ ಯಾರಿಗೂ ಕಳಿಸುವುದಿಲ್ಲ. ಅವುಗಳಲ್ಲಿ ಚಿತ್ರ ಸ್ಪಷ್ಟವಾಗಿದೆ, ಬೆಳಕು ಸಾಕಷ್ಟಿದೆ, ಸ್ಲೈಡುಗಳು ಅಚ್ಚುಕಟ್ಟಾಗಿವೆ. ಆದರೆ ನನ್ನ ದನಿ ಬಾವಿಯೊಳಗಿನಿಂದ ಬಂದಂತೆ ಕೇಳಿಸುತ್ತದೆ, ಅದರ ಹಿಂದೆ ಸೀಲಿಂಗ್ ಫ್ಯಾನಿನ ಸದ್ದು ಎಡೆಬಿಡದೆ ಹರಿಯುತ್ತದೆ. ಮೊದಲ ವಿಡಿಯೊ ಕಳಿಸಿದ ದಿನ ಸಂಜೆ ಒಬ್ಬ ವಿದ್ಯಾರ್ಥಿನಿ ಬರೆದಿದ್ದಳು: "ಅಕ್ಷರ ಚಂದ ಕಾಣ್ತಾವ್ರಿ ಮೇಡಂ, ನೀವು ಹೇಳಿದ್ದು ಮಾತ್ರ ತಿಳೀವಲ್ದು." ಅಷ್ಟು ಹಣ ಕೊಟ್ಟು, ಐದು ದಿನ ಊರು ಬಿಟ್ಟು ಹೋಗಿ ಕಲಿತು ಬಂದದ್ದಕ್ಕೆ ಸಿಕ್ಕ ಮೊದಲ ಉತ್ತರ ಅದಾಗಿತ್ತು.

ವಿಶ್ವವಿದ್ಯಾಲಯದ ಅಧ್ಯಾಪಕರು ತಮ್ಮ ಪಾಠದ ವಿಡಿಯೊಗಳನ್ನು ತಾವೇ ಮಾಡಿಕೊಳ್ಳುವುದನ್ನು ಕಲಿಸುವ ಐದು ದಿನಗಳ ತರಬೇತಿ ಇದು. ವೇಳಾಪಟ್ಟಿ, ಪ್ರಮಾಣಪತ್ರ ಮೊದಲಾದ ವಿವರಗಳೆಲ್ಲ ಪ್ರಕಟಣೆಯಲ್ಲಿಯೇ ಇರುವುದರಿಂದ ಅವುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ರಾಯಚೂರಿನಲ್ಲಿ ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರದ ಪತ್ರಿಕೆ ಕಲಿಸುವ ಅತಿಥಿ ಉಪನ್ಯಾಸಕಿ. ಶುಲ್ಕದ 5,500 ರೂಪಾಯಿಯನ್ನು ನನ್ನ ಕೈಯಿಂದಲೇ ಕಟ್ಟಿದ್ದೆ, ಅದೂ ರಜೆಯ ತಿಂಗಳಲ್ಲಿ, ಗೌರವಧನ ಬಾರದ ಹೊತ್ತಿನಲ್ಲಿ. ಮುಂದೆ ಬರೆದಿರುವುದನ್ನು ಓದುವಾಗ ಈ ಸಂಗತಿ ಓದುಗರ ಗಮನದಲ್ಲಿರಲಿ.

ತರಬೇತಿ ನಡೆದದ್ದು ದೊಡ್ಡ ನಗರವೊಂದರ ಹವಾನಿಯಂತ್ರಿತ ಸ್ಟುಡಿಯೊದಲ್ಲಿ. ಗೋಡೆಗಳಿಗೆ ಸದ್ದು ಹೀರುವ ಹಲಗೆಗಳನ್ನು ಹೊದಿಸಿದ್ದರು, ನೆಲಕ್ಕೆ ದಪ್ಪ ಜಮಖಾನೆ ಹಾಸಿದ್ದರು, ಮೇಜಿನ ಮೇಲಿದ್ದ ಮೈಕಿನ ಬೆಲೆ ನನ್ನ ಫೋನಿನ ಬೆಲೆಗಿಂತ ಹೆಚ್ಚು. ಕ್ಯಾಮೆರಾ ಮತ್ತು ಬೆಳಕಿಗೆ ಒಂದೂವರೆ ದಿನ, ಎಡಿಟಿಂಗಿಗೆ ಎರಡು ದಿನ ಹೋಯಿತು. ದನಿಗೆ ಸಿಕ್ಕದ್ದು ಮೂರನೆಯ ದಿನ ಊಟದ ನಂತರದ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಹೇಳಿದ ಮುಖ್ಯ ಮಾತು, ಸದ್ದಿಲ್ಲದ ಕೋಣೆಯೊಂದನ್ನು ಆರಿಸಿಕೊಳ್ಳಿ ಎಂಬುದು. ಸದ್ದಿಲ್ಲದ ಕೋಣೆ ಇಲ್ಲದವರು ಏನು ಮಾಡಬೇಕೆಂದು ಕೇಳಿದಾಗ, ಸಾಫ್ಟ್‌ವೇರಿನಲ್ಲಿ ಸದ್ದು ತೆಗೆದುಬಿಡಬಹುದು ಎಂಬ ಉತ್ತರ ಬಂತು.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಮಧ್ಯಾಹ್ನ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಆರು ನಿಮಿಷ ಮಾತನಾಡಿದರೆ ಕೈಯ ಬೆವರಿಗೆ ಕಾಗದ ಒದ್ದೆಯಾಗುತ್ತದೆ, ಫೋನು ಕಾದು ರೆಕಾರ್ಡಿಂಗನ್ನು ತಾನಾಗಿಯೇ ನಿಲ್ಲಿಸುತ್ತದೆ. ನಮ್ಮ ಮನೆಯ ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ಗೋಡೆ ಗಾರೆಯದು, ಮೇಲೆ ಆರ್‌ಸಿಸಿ. ಹೀಗೆ ಎಲ್ಲ ಮುಖಗಳೂ ಗಟ್ಟಿಯಾಗಿರುವ ಕೋಣೆಯಲ್ಲಿ ದನಿ ಗೋಡೆಯಿಂದ ಗೋಡೆಗೆ ತಾಗಿ ಮರಳಿ ಬರುತ್ತದೆ, ಆ ಮರುದನಿ ಮೂಲ ಮಾತಿನ ಬಾಲಕ್ಕೆ ಅಂಟಿಕೊಂಡು ಒಂದು ಪದ ಇನ್ನೊಂದರ ಮೇಲೆ ಬೀಳುತ್ತದೆ. ಇದನ್ನು ನನಗೆ ತರಬೇತಿಯಲ್ಲಿ ಯಾರೂ ಹೇಳಲಿಲ್ಲ. ಕೊಂಡ ಮೈಕು ಕೆಟ್ಟದ್ದಿರಬೇಕೆಂದುಕೊಂಡು ಇನ್ನೊಂದನ್ನು ಕೊಂಡೆ. ಅದೂ ಹಾಗೆಯೇ ಕೇಳಿಸಿದಾಗ ತಪ್ಪು ಮೈಕಿನದಲ್ಲ, ಕೋಣೆಯದು ಎಂದು ತಿಳಿಯಿತು.

ಸಾಫ್ಟ್‌ವೇರಿನಲ್ಲಿ ಸದ್ದು ತೆಗೆಯುವ ಉಪಾಯವನ್ನೂ ಮಾಡಿ ನೋಡಿದೆ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮಾತಿಲ್ಲದ ಕೆಲವು ಕ್ಷಣಗಳನ್ನು ಗುರುತಿಸಿ ಕೊಟ್ಟರೆ, ಅದು ಆ ಸದ್ದಿನ ಸ್ವರೂಪವನ್ನು ಅರಿತುಕೊಂಡು ಉಳಿದ ಭಾಗದಿಂದ ಅದನ್ನು ಕಳೆಯುತ್ತದೆ. ಸ್ವಲ್ಪ ಮಟ್ಟಿಗೆ ಬಳಸಿದರೆ ಇದು ಒಳ್ಳೆಯ ಸಾಧನವೇ. ಆದರೆ ಫ್ಯಾನಿನ ಸದ್ದು ಜೋರಾಗಿದ್ದು ಹೆಚ್ಚು ಕಳೆಯಬೇಕಾಗಿ ಬಂದಾಗ, ಅದರೊಂದಿಗೆ ಸಕಾರ, ಶಕಾರಗಳ ಉಸಿರೂ ಮಹಾಪ್ರಾಣಗಳ ಉಸಿರೂ ಸವೆದುಹೋಗಿ, ನೀರಿನೊಳಗಿಂದ ಯಾರೋ ಮಾತನಾಡಿದಂತೆ ಆಗುತ್ತದೆ. ಸಂಖ್ಯಾಶಾಸ್ತ್ರದ ಪಾಠದಲ್ಲಿ "ಸರಾಸರಿ" ಎಂಬ ಪದವೇ ಅಸ್ಪಷ್ಟವಾದರೆ ಉಳಿಯುವುದೇನು? ಇದರ ಜೊತೆಗೆ, ಫೋನು ದನಿಯ ಮಟ್ಟವನ್ನು ತಾನಾಗಿಯೇ ಹೊಂದಿಸಿಕೊಳ್ಳುವುದರಿಂದ ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ ಫ್ಯಾನಿನ ಸದ್ದು ಉಬ್ಬಿ ಬರುತ್ತಿತ್ತು, ಮಾತು ಶುರುವಾದೊಡನೆ ತಗ್ಗುತ್ತಿತ್ತು. ದನಿಯ ಮಟ್ಟವನ್ನು ನಾವೇ ನಿಗದಿಪಡಿಸಬಹುದಾದ ರೆಕಾರ್ಡಿಂಗ್ ಆ್ಯಪ್ ಬಳಸಿದರೆ ಈ ತೊಂದರೆ ತಪ್ಪುತ್ತದೆ ಎಂಬ ಒಂದು ಸಾಲಿನ ಮಾತನ್ನು ಕಂಡುಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಐದು ದಿನಗಳಲ್ಲಿ ಒಂದು ಸಾಲು ಹೇಳಲು ಅವರಿಗೆ ಸಮಯವಿತ್ತು ಎಂಬ ಬೇಸರ ನನಗೆ ಇಂದಿಗೂ ಇದೆ.

ಈಗ ನನ್ನ ರೆಕಾರ್ಡಿಂಗ್ ನಡೆಯುವುದು ಬೆಳಗಿನ ಐದು ಗಂಟೆಗೆ. ಹಿಂದಿನ ರಾತ್ರಿಯೇ ಮಲಗುವ ಕೋಣೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಗೋಡೆಗಳಿಂದ ಒಂದು ಮೊಳ ಈಚೆ ಕಟ್ಟಿ, ಅದರ ಮೇಲೆ ಅತ್ತೆಯವರು ಹೊಲಿದ ಎರಡು ಕೌದಿಗಳನ್ನು ಇಳಿಬಿಡುತ್ತೇನೆ; ಮೂರನೆಯದನ್ನು ನೆಲಕ್ಕೆ ಹಾಸುತ್ತೇನೆ. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಹೊಲಿದ ಕೌದಿ ಮರುದನಿಯನ್ನು ಹೀರುವಷ್ಟು ಚೆನ್ನಾಗಿ, ನಾನು ಪರೀಕ್ಷಿಸಿದ ಬೇರಾವ ವಸ್ತುವೂ ಹೀರಲಿಲ್ಲ. ಕಾಲರ್ ಮೈಕನ್ನು ಸೆರಗಿಗೆ ಸಿಕ್ಕಿಸಿದರೆ ಬಟ್ಟೆ ಉಜ್ಜುವ ಸದ್ದು ಬರುತ್ತದೆಯಾದ್ದರಿಂದ, ಅದನ್ನು ಒಂದು ಪೆನ್ಸಿಲಿಗೆ ಕಟ್ಟಿ, ಪುಸ್ತಕಗಳ ರಾಶಿಯ ಮೇಲಿಟ್ಟು, ಬಾಯಿಯಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿರುವಂತೆ ನೋಡಿಕೊಳ್ಳುತ್ತೇನೆ. ಈ ದೂರವೇ ಎಲ್ಲಕ್ಕಿಂತ ಮುಖ್ಯ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದಾಗಲೆಲ್ಲ ಮೈಕಿಗೆ ತಲುಪುವ ದನಿಯ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ, ಕೋಣೆಯಲ್ಲೆಲ್ಲ ಹರಡಿದ ಸದ್ದು ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. 60 ಸೆಂಟಿಮೀಟರಿನಿಂದ 15 ಸೆಂಟಿಮೀಟರಿಗೆ ಬಂದರೆ 12 ಡೆಸಿಬಲ್ಲಿನ ಲಾಭ, ಅದೂ ಒಂದು ಪೈಸೆಯ ಖರ್ಚಿಲ್ಲದೆ.

ಐದರಿಂದ ಐದೂಮುಕ್ಕಾಲರವರೆಗೆ ಬೀದಿ ಶಾಂತವಾಗಿರುತ್ತದೆ. ಆಮೇಲೆ ಹಾಲಿನವರು, ಕಸದ ಗಾಡಿಯ ಹಾಡು, ಬೀದಿಯ ನಳಕ್ಕೆ ನೀರು ಬಂದ ದಿನವಾದರೆ ಕೊಡಗಳ ಸದ್ದು. ನಮ್ಮೂರು ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿರುವುದರಿಂದ ನಡುವೆ ಒಂದೆರಡು ಬಾರಿ ರೈಲಿನ ಕೂಗು ಬರುತ್ತದೆ. ಆಗ ಮಾತು ನಿಲ್ಲಿಸಿ, ಕೂಗು ಕರಗುವವರೆಗೆ ಕಾದು, ಆ ವಾಕ್ಯವನ್ನು ಮೊದಲಿನಿಂದ ಹೇಳುತ್ತೇನೆ. ವಿದ್ಯುತ್ ಹೋದರೆ ಇನ್ನೂ ಒಳ್ಳೆಯದು. ನಮ್ಮ ಫ್ಯಾನು ನಿಂತರೆ ಸಾಲದು, ಪಕ್ಕದ ಮನೆಗಳ ಕೂಲರುಗಳೂ ಫ್ರಿಜ್ಜುಗಳೂ ಒಮ್ಮೆಗೇ ನಿಂತಾಗ ಮಾತ್ರ ಕೇಳಸಿಗುವ ಒಂದು ಮೌನವಿದೆ; ನನ್ನ ಅತ್ಯುತ್ತಮ ಮೂರು ವಿಡಿಯೊಗಳು ಆ ಮೌನದಲ್ಲಿ, ಫೋನಿನ ಬ್ಯಾಟರಿಯ ಬಲದಿಂದ, ಕಿಟಕಿಯ ಬೆಳಕಿನಲ್ಲಿ ತಯಾರಾದವು.

ತರಬೇತಿಯವರು ಕೊಟ್ಟ ಖರೀದಿಪಟ್ಟಿಯಲ್ಲಿ ನನಗೆ ಉಪಯೋಗಕ್ಕೆ ಬಂದದ್ದು 750 ರೂಪಾಯಿಯ ಕಾಲರ್ ಮೈಕು ಮತ್ತು ಫೋನನ್ನು ಕಾಗದದ ಮೇಲೆ ನೇರವಾಗಿ ಕೆಳಮುಖವಾಗಿ ಹಿಡಿಯುವ 600 ರೂಪಾಯಿಯ ಸ್ಟ್ಯಾಂಡು. ಉಂಗುರದ ಆಕಾರದ ದೀಪಕ್ಕೆ 1,400 ರೂಪಾಯಿ ಕೊಟ್ಟದ್ದು ವ್ಯರ್ಥ. ತರಬೇತಿಯ ನಂತರ ಮೂರು ತಿಂಗಳು ನಮ್ಮ ವಿಡಿಯೊಗಳನ್ನು ನೋಡಿ ಸಲಹೆ ಕೊಡುತ್ತೇವೆಂದು ಅವರು ಹೇಳಿದ್ದರು. ನಾನು ಕಳಿಸಿದ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಉತ್ತರ ಬಂತು, ಅದು ಹಿನ್ನೆಲೆಯ ಬಣ್ಣದ ಬಗ್ಗೆ. ಆರನೆಯ ತಿಂಗಳಲ್ಲಿ ಈ ವಿಮರ್ಶೆ ಬರೆದಿದ್ದರೆ ಇಲ್ಲಿಗೇ ಮುಗಿಸಿ, ಯಾರೂ ಸೇರಬೇಡಿ ಎಂದು ಹೇಳುತ್ತಿದ್ದೆ.

ಹಾಗೆ ಹೇಳದಿರಲು ಕಾರಣ ಐದನೆಯ ದಿನದ ಬೆಳಗಿನ ಎರಡು ಗಂಟೆಗಳು. ಅಂದು ಹಿರಿಯ ಅಧ್ಯಾಪಕರೊಬ್ಬರು ಯಾವ ಯಂತ್ರವನ್ನೂ ಮುಟ್ಟದೆ, ಪ್ರತಿಯೊಬ್ಬರಿಗೂ ಅಂಗೈ ಅಗಲದ ಒಂದು ರಟ್ಟಿನ ಚೀಟಿ ಕೊಟ್ಟರು. ಅದರ ಮೇಲೆ ಒಂದು ಪ್ರಶ್ನೆ, ಒಂದು ಉದಾಹರಣೆ, ಕೊನೆಗೆ ವಿದ್ಯಾರ್ಥಿ ತಾನೇ ಮಾಡಿ ನೋಡಬೇಕಾದ ಒಂದು ಕೆಲಸ, ಇಷ್ಟನ್ನೇ ಬರೆಯಬೇಕು. ಹಿಡಿಸದಿದ್ದರೆ ಅಕ್ಷರ ಚಿಕ್ಕದು ಮಾಡಬಾರದು, ಪಾಠವನ್ನು ಎರಡು ವಿಡಿಯೊ ಮಾಡಬೇಕು ಎಂದರು. ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರು ಉಲ್ಲೇಖಿಸಿದರು. ಎಡೆಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ನಾಲ್ಕು ಕೋರ್ಸುಗಳಲ್ಲಿ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ ಆ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ನೋಡಿದ ಸಮಯದ ಮಧ್ಯಾಂಕ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) 6 ನಿಮಿಷವನ್ನು ದಾಟಲಿಲ್ಲ. ಕೈಯಿಂದ ಬರೆಯುತ್ತ ವಿವರಿಸಿದ ಪಾಠಗಳು ಬರಿಯ ಸ್ಲೈಡುಗಳಿಗಿಂತ ಹೆಚ್ಚು ಹೊತ್ತು ನೋಡುಗರನ್ನು ಹಿಡಿದಿಟ್ಟವು. ಊರಿಗೆ ಬಂದ ಮೇಲೆ ನಾನು ಚೀಟಿಯನ್ನು ಮರೆತು ಸ್ಲೈಡುಗಳ ಅಂದಕ್ಕೆ ಬಿದ್ದಿದ್ದೆ. ದನಿಯ ತೊಂದರೆಯಿಂದ ಬೇಸತ್ತು ಲ್ಯಾಪ್‌ಟಾಪನ್ನೇ ಬದಿಗಿಟ್ಟಾಗ ಚೀಟಿ ಮತ್ತೆ ನೆನಪಾಯಿತು.

ಮದುವೆಯ ಸುಗ್ಗಿಯಲ್ಲಿ ಮನೆಗೆ ಬಂದು ಬಿದ್ದ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ ಚೀಟಿ ಮಾಡಿಕೊಂಡಿದ್ದೇನೆ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ನಾಳೆಯ ಚೀಟಿ ಬರೆಯುವುದು ಈಗ ದಿನದ ನನ್ನ ಅತ್ಯಂತ ಪ್ರಿಯವಾದ ಕೆಲಸ. ಉದಾಹರಣೆಗೆ, ಮಾನಕ ವಿಚಲನೆಯ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯ, ಚೀಟಿಯಲ್ಲಿ ಇಬ್ಬರು ರೈತರಿದ್ದಾರೆ. ಒಬ್ಬರಿಗೆ ಮೂರು ವರ್ಷ ಎಕರೆಗೆ 7, 8, 9 ಕ್ವಿಂಟಲ್ ಹತ್ತಿ ಬಂತು. ಇನ್ನೊಬ್ಬರಿಗೆ 2, 8, 14. ಇಬ್ಬರ ಸರಾಸರಿಯೂ 8. ಸಾಲ ಕೊಡುವವರು ಇಬ್ಬರನ್ನೂ ಒಂದೇ ಎಂದು ನೋಡಬಹುದೇ ಎಂಬುದು ಪ್ರಶ್ನೆ. ಮೊದಲನೆಯವರ ಮಾನಕ ವಿಚಲನೆ 0.82, ಎರಡನೆಯವರದು 4.90 ಎಂದು ಕಾಗದದ ಮೇಲೆ ಬಿಡಿಸುವಷ್ಟರಲ್ಲಿ ಐದು ನಿಮಿಷವಾಗುತ್ತದೆ. ಅದೇ ವಿಷಯಕ್ಕೆ ತರಗತಿಯಲ್ಲಿ ಸೂತ್ರದಿಂದ ಆರಂಭಿಸಿ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ ನಾನು, ಈಗ ತರಗತಿಗೂ ಚೀಟಿ ಹಿಡಿದೇ ಹೋಗುತ್ತೇನೆ.

ಇನ್ನೊಂದು ಸಂಗತಿ ನನಗೆ ತಿಳಿದದ್ದು ಹೋದ ವರ್ಷ ಹತ್ತಿ ಬಿಡಿಸುವ ಕಾಲದಲ್ಲಿ. ಆ ತಿಂಗಳುಗಳಲ್ಲಿ ನಮ್ಮ ವಿದ್ಯಾರ್ಥಿನಿಯರಲ್ಲಿ ಹಲವರು ಕೂಲಿಗೆ ಹೋಗುವುದರಿಂದ ತರಗತಿ ತೆಳುವಾಗುತ್ತದೆ. ಅವರಲ್ಲಿ ಒಬ್ಬಳು ಮರಳಿ ಬಂದಾಗ ಪಾಠವೆಲ್ಲ ಅವಳಿಗೆ ಗೊತ್ತಿತ್ತು, ಆದರೆ ನಾನು ಬಿಡಿಸಿದ ರೇಖಾಚಿತ್ರ ಹೇಗಿತ್ತೆಂದು ಗೊತ್ತಿರಲಿಲ್ಲ. ಫೋನನ್ನು ಮಡಿಲಲ್ಲಿ ಕಟ್ಟಿಕೊಂಡು, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಸಾಲಿನಲ್ಲಿ ಹತ್ತಿ ಬಿಡಿಸುತ್ತ ಕೇಳುತ್ತಿದ್ದಳಂತೆ. ನೋಡಿರಲಿಲ್ಲ, ಕೇಳಿದ್ದಳು. ಈ ಮಾತನ್ನು ಮನೆಯಲ್ಲಿ ಹೇಳಿದಾಗ ಅತ್ತೆಯವರು ತಮ್ಮ ಹಳ್ಳಿಗೆ ಮೊದಲು ಟಿವಿ ಬಂದುದನ್ನು ನೆನೆದರು. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೊ ನಡೆಸಿದ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣ ಮತ್ತು ಕೃಷಿಯ ಕಾರ್ಯಕ್ರಮಗಳು ಬಂದವು. ರಾಯಚೂರು ಜಿಲ್ಲೆಯ ಹಳ್ಳಿಗಳೂ ಅವುಗಳಲ್ಲಿದ್ದವು. ಗುಂಪಿನ ಹಿಂದೆ ನಿಂತ ಅತ್ತೆಯವರಿಗೆ ಪರದೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಬೀಜೋಪಚಾರದ ಪಾಠವೊಂದನ್ನು ಅವರು ಇಂದಿಗೂ ಹೇಳುತ್ತಾರೆ.

ಅಂದಿನಿಂದ ನನ್ನ ವಿಡಿಯೊಗಳಲ್ಲಿ "ಇಲ್ಲಿ ನೋಡಿ", "ಈ ಸಂಖ್ಯೆಯನ್ನು ಅಲ್ಲಿಗೆ ತನ್ನಿ" ಎಂಬ ಮಾತುಗಳನ್ನು ಬಿಟ್ಟಿದ್ದೇನೆ. ಪ್ರತಿ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳುತ್ತೇನೆ, ರೇಖೆ ಎಡದಿಂದ ಬಲಕ್ಕೆ ಏರುತ್ತದೋ ಇಳಿಯುತ್ತದೋ ಎಂದು ಮಾತಿನಲ್ಲೇ ತಿಳಿಸುತ್ತೇನೆ. ಸಿದ್ಧವಾದ ವಿಡಿಯೊವನ್ನು ಕಳಿಸುವ ಮೊದಲು ಫೋನನ್ನು ಬೋರಲು ಹಾಕಿ, ರೊಟ್ಟಿ ಬಡಿಯುತ್ತ ಒಮ್ಮೆ ಕೇಳುತ್ತೇನೆ. ರೊಟ್ಟಿಯ ಸದ್ದಿನ ನಡುವೆಯೂ ಪಾಠ ತಿಳಿದರೆ ಮಾತ್ರ ಅದು ಹೊರಗೆ ಹೋಗುತ್ತದೆ. ವಿಡಿಯೊದ ಜೊತೆಗೆ ದನಿಯ ಕಡತವನ್ನು ಬೇರೆಯಾಗಿ ಕಳಿಸುವ ರೂಢಿಯನ್ನೂ ಮಾಡಿಕೊಂಡಿದ್ದೇನೆ, ಅದಕ್ಕೆ ಡೇಟಾ ಬಹಳ ಕಡಿಮೆ ಸಾಕು.

ಐದು ನಕ್ಷತ್ರಗಳಲ್ಲಿ ನಾನು ಮೂರು ಕೊಡುತ್ತೇನೆ. ಸಂಬಳದ ಹುದ್ದೆಯಲ್ಲಿದ್ದು, ಶುಲ್ಕವನ್ನು ವಿಶ್ವವಿದ್ಯಾಲಯವೇ ಭರಿಸುವುದಾದರೆ ಹಿಂಜರಿಯದೆ ಸೇರಬಹುದು. ನನ್ನಂತೆ ಕೈಯಿಂದ ಕಟ್ಟುವವರು, ಐದನೆಯ ದಿನದ ಅವಧಿ ಈಗಲೂ ಇದೆಯೇ ಎಂದು ಮೊದಲು ಕೇಳಿ ತಿಳಿದುಕೊಳ್ಳಬೇಕು; ಅದಿಲ್ಲದಿದ್ದರೆ ಉಳಿದ ನಾಲ್ಕು ದಿನಗಳಲ್ಲಿ ಕಲಿಸುವುದನ್ನು ಮನೆಯಲ್ಲಿಯೇ ಕಲಿಯಬಹುದು. ದನಿಗೆ ಒಂದು ಪೂರ್ಣ ದಿನ ಮೀಸಲಿಡಿ, ಅಭ್ಯಾಸವನ್ನು ಸ್ಟುಡಿಯೊದ ಹೊರಗಿನ ಸಾಮಾನ್ಯ ಕೋಣೆಯಲ್ಲಿ ಮಾಡಿಸಿ ಎಂದು ನಾನು ಅವರಿಗೆ ಎರಡು ಬಾರಿ ಬರೆದಿದ್ದೇನೆ, ಉತ್ತರ ಬಂದಿಲ್ಲ. ಈ ಬೇಸಿಗೆಯಲ್ಲಿ ನಮ್ಮ ವಿಭಾಗದ ಇಬ್ಬರು ಅಲ್ಲಿಗೆ ಹೋಗುತ್ತಿದ್ದಾರೆ. ನನ್ನ ಕಾಲರ್ ಮೈಕನ್ನು ಅವರ ಕೈಗೆ ಕೊಟ್ಟು, ಮೊದಲ ದಿನವೇ ಫ್ಯಾನಿರುವ ಕೋಣೆಯೊಂದನ್ನು ಕೇಳಿ ಪಡೆದು, ಫ್ಯಾನು ತಿರುಗುತ್ತಿರುವಾಗಲೇ ಒಂದು ರೆಕಾರ್ಡಿಂಗ್ ಮಾಡಿ ತರಬೇತಿದಾರರಿಗೆ ಕೇಳಿಸಬೇಕೆಂದು ಹೇಳಿ ಕಳಿಸುತ್ತಿದ್ದೇನೆ.