ಗ್ರೀನ್‌ಬ್ರೈಯರ್: ಡೊರೊಥಿ ಡ್ರೇಪರ್ ಅವರ ಕೈಕೆಲಸದ ನಡುವೆ ಎರಡು ರಾತ್ರಿ

ಒಳಾಂಗಣ ವಿನ್ಯಾಸಕರ ಕೆಲಸಕ್ಕೆ ಆಯುಸ್ಸು ಕಡಿಮೆ. ಕಟ್ಟಡ ನೂರು ವರ್ಷ ನಿಂತರೂ ಪರದೆ ಕೆಲವೇ ವರ್ಷಗಳಲ್ಲಿ ಮಾಸುತ್ತದೆ, ಸೋಫಾದ ಹೊದಿಕೆ ಅದಕ್ಕೂ ಮೊದಲೇ ಸವೆಯುತ್ತದೆ, ಮಾಲೀಕರು ಬದಲಾದರೆ ಗೋಡೆಯ ಬಣ್ಣವೂ ಬದಲಾಗುತ್ತದೆ. ಕಳೆದ ಶತಮಾನದ ಅಮೆರಿಕದಲ್ಲಿ ಮನೆಮಾತಾಗಿದ್ದ ಡೊರೊಥಿ ಡ್ರೇಪರ್ (1889–1969) ಅವರ ಕೆಲಸದಲ್ಲೂ ಹೆಚ್ಚಿನದನ್ನು ಇಂದು ಹಳೆಯ ಫೋಟೊಗಳಲ್ಲಷ್ಟೇ ನೋಡಲು ಸಾಧ್ಯ. ವೆಸ್ಟ್ ವರ್ಜೀನಿಯಾ ರಾಜ್ಯದ ವೈಟ್ ಸಲ್ಫರ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿರುವ ಗ್ರೀನ್‌ಬ್ರೈಯರ್ ಹೋಟೆಲ್ ಇದಕ್ಕೆ ಅಪವಾದ. ಇಲ್ಲಿಗೆ ಹೆಚ್ಚಿನವರು ಬರುವುದು ಗಾಲ್ಫ್ ಆಡಲು, ಇಲ್ಲವೇ ಗಂಧಕದ ಬುಗ್ಗೆಯ ನೀರಿನಲ್ಲಿ ಮಿಂದು ಮೈ ಹಗುರ ಮಾಡಿಕೊಳ್ಳಲು. ನಾವು ಹೋದದ್ದು ಗೋಡೆ, ಪರದೆ, ಪೀಠೋಪಕರಣಗಳನ್ನು ನೋಡಲು. ಈ ವಿಮರ್ಶೆಯೂ ಬಹುಮಟ್ಟಿಗೆ ಅವುಗಳದೇ.

ಡ್ರೇಪರ್ ಹುಟ್ಟಿದ್ದು ನ್ಯೂಯಾರ್ಕ್ ಬಳಿಯ ಟಕ್ಸೀಡೊ ಪಾರ್ಕ್ ಎಂಬ ಸಿರಿವಂತರ ವಸತಿಯಲ್ಲಿ. ಅವರು ಈ ವಿದ್ಯೆಯನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಸ್ವಂತ ಮನೆಯನ್ನು ತಿದ್ದಿ ತೀಡಿದ್ದನ್ನು ಕಂಡ ಪರಿಚಿತರು ತಮ್ಮ ಮನೆಗಳಿಗೂ ಕರೆಯತೊಡಗಿದಾಗ ಅದೇ ವೃತ್ತಿಯಾಯಿತು. 1925ರಲ್ಲಿ ಅವರು ತೆರೆದ ಸಂಸ್ಥೆಯನ್ನು ಅಮೆರಿಕದ ಮೊದಲ ಒಳಾಂಗಣ ವಿನ್ಯಾಸ ಕಂಪನಿಗಳಲ್ಲಿ ಒಂದೆಂದು ಗುರುತಿಸುತ್ತಾರೆ. ಆ ಕಾಲದ ಇತರ ವಿನ್ಯಾಸಕಿಯರು ಶ್ರೀಮಂತರ ದಿವಾನಖಾನೆಗಳಿಗೆ ಫ್ರೆಂಚ್ ಪೀಠೋಪಕರಣ ಆರಿಸಿಕೊಡುವುದರಲ್ಲಿ ತೃಪ್ತರಾಗಿದ್ದಾಗ, ಡ್ರೇಪರ್ ಹೋಟೆಲು, ಅಪಾರ್ಟ್‌ಮೆಂಟು, ಆಸ್ಪತ್ರೆ, ರೆಸ್ಟೊರೆಂಟುಗಳಂಥ ಸಾರ್ವಜನಿಕ ಜಾಗಗಳ ಕಡೆ ಹೊರಳಿದರು. ನ್ಯೂಯಾರ್ಕಿನ ಸಟನ್ ಪ್ಲೇಸ್‌ನಲ್ಲಿ ಬಾಡಿಗೆದಾರರಿಲ್ಲದೆ ಬಿದ್ದಿದ್ದ ಹಳೆಯ ಸಾಲುಮನೆಗಳ ಹೊರಗೋಡೆಗೆ ಕಪ್ಪು ಬಳಿದು, ಅಂಚುಗಳಿಗೆ ಬಿಳಿ ಹಚ್ಚಿ, ಬಾಗಿಲುಗಳಿಗೆ ಮಾತ್ರ ಕಣ್ಣು ಕುಕ್ಕುವ ಬಣ್ಣ ಕೊಟ್ಟು ಅವಕ್ಕೆ ಬೇಡಿಕೆ ತಂದರು. ಆಮೇಲೆ ಕಾರ್ಲೈಲ್ ಹೋಟೆಲಿನ ಲಾಬಿ, 1937ರಲ್ಲಿ ಸೆಂಟ್ರಲ್ ಪಾರ್ಕ್ ಎದುರಿನ ಹ್ಯಾಂಪ್‌ಶೈರ್ ಹೌಸ್ ಎಂಬ ಅಪಾರ್ಟ್‌ಮೆಂಟ್ ಹೋಟೆಲು, 1944ರಲ್ಲಿ ಬ್ರೆಜಿಲ್‌ನ ಪೆಟ್ರೊಪೊಲಿಸ್‌ನಲ್ಲಿ ಕಿತಾಂಜಿನ್ಯಾ ಎಂಬ ಬೃಹತ್ ಕ್ಯಾಸಿನೊ ಹೋಟೆಲು. ನಡುವೆ ಮನೆ ಅಲಂಕಾರದ ಬಗ್ಗೆ ಪುಸ್ತಕ ಬರೆದರು, ಪತ್ರಿಕೆಗಳಿಗೆ ಅಂಕಣ ಬರೆದರು. ಕೂಲಿಯವರನ್ನು ಕರೆಯಲಾಗದ ಗೃಹಿಣಿಯೂ ಒಂದು ಡಬ್ಬ ಬಣ್ಣ ತಂದು ತಾನೇ ಹಚ್ಚಿಕೊಳ್ಳಬಹುದು ಎಂಬ ಧೈರ್ಯ ಆ ಬರವಣಿಗೆಯಲ್ಲಿತ್ತು. ಶ್ರೀಮಂತರ ಮನೆಮಗಳು ಜನಪ್ರಿಯಳಾದದ್ದಕ್ಕೆ ಅದೇ ಮುಖ್ಯ ಕಾರಣವಿರಬೇಕು.

ಗ್ರೀನ್‌ಬ್ರೈಯರ್ ಅವರ ಕೈಗೆ ಬಂದಾಗ ಅದು ಹೋಟೆಲಿನಂತೆ ಇರಲೇ ಇಲ್ಲ. ಎರಡನೇ ಮಹಾಯುದ್ಧಕ್ಕೆ ಅಮೆರಿಕ ಇಳಿದ ಹೊಸತರಲ್ಲಿ ಶತ್ರುದೇಶಗಳ ರಾಜತಾಂತ್ರಿಕರನ್ನು ಇಲ್ಲಿ ಕೂಡಿಹಾಕಿದ್ದರು. ಬಳಿಕ ಸೇನೆ ಕಟ್ಟಡವನ್ನು ಕೊಂಡು ಗಾಯಾಳು ಸೈನಿಕರ ಆಸ್ಪತ್ರೆಯನ್ನಾಗಿ ಮಾಡಿತು. ಯುದ್ಧ ಮುಗಿದ ಮೇಲೆ ಹಳೆಯ ಒಡೆಯರಾದ ಚೆಸಪೀಕ್ ಅಂಡ್ ಒಹಾಯೊ ರೈಲು ಕಂಪನಿಯವರು ಅದನ್ನು ಮರಳಿ ಕೊಂಡು, 1946ರಲ್ಲಿ ಒಳಗಿನ ಸಕಲವನ್ನೂ ಡ್ರೇಪರ್‌ಗೆ ಒಪ್ಪಿಸಿದರು. ಸುಮಾರು 45,000 ಗಜ ಬಟ್ಟೆ, 15,000 ಸುರುಳಿ ವಾಲ್‌ಪೇಪರ್, 40,000 ಗ್ಯಾಲನ್ ಬಣ್ಣ ಖರ್ಚಾಯಿತೆಂದು ಲೆಕ್ಕ. ಊಟದ ಪಟ್ಟಿ, ಬೆಂಕಿಪೊಟ್ಟಣ, ಸಿಬ್ಬಂದಿಯ ಸಮವಸ್ತ್ರ ಕೂಡ ಅವರ ಒಪ್ಪಿಗೆಯಿಲ್ಲದೆ ಹೊರಬೀಳಲಿಲ್ಲ. 1948ರ ಏಪ್ರಿಲ್‌ನಲ್ಲಿ ಹೋಟೆಲು ಮತ್ತೆ ಬಾಗಿಲು ತೆರೆದಾಗ ಬ್ರಿಟನ್ನಿನ ಸಿಂಹಾಸನ ತೊರೆದಿದ್ದ ವಿಂಡ್ಸರ್ ಡ್ಯೂಕ್ ಮತ್ತು ಅವರ ಪತ್ನಿ, ಗಾಯಕ ಬಿಂಗ್ ಕ್ರಾಸ್ಬಿ ಮೊದಲಾದವರು ಅತಿಥಿಗಳಾಗಿ ಬಂದಿದ್ದರು.

ಹೊರಗಿನಿಂದ ನೋಡಿದರೆ ಎತ್ತರದ ಬಿಳಿ ಕಂಬಗಳ ಗಂಭೀರ ಕಟ್ಟಡ. ಒಳಗೆ ಕಾಲಿಟ್ಟ ಕೂಡಲೇ ಆ ಗಾಂಭೀರ್ಯವನ್ನು ಯಾರೋ ಬೇಕೆಂದೇ ಕದಡಿದಂತೆ ಕಾಣುತ್ತದೆ. ದಟ್ಟ ಹಸಿರು, ಎಳೆಗುಲಾಬಿ, ನೀಲಿ, ನಿಂಬೆಹಳದಿ ಒಂದರ ಪಕ್ಕ ಒಂದು ನಿಂತಿವೆ. ಅಗಲ ಪಟ್ಟೆಯ ಗೋಡೆಯ ಬದಿಯಲ್ಲೇ ಎಲೆಕೋಸಿನ ಗಾತ್ರದ ಗುಲಾಬಿಗಳ ಪರದೆ. ಅಲ್ಲಲ್ಲಿ ಕಪ್ಪು ಬಿಳುಪಿನ ಚೌಕುಳಿ ನೆಲ. ಆ ಹೂವಿನ ಬಟ್ಟೆಯ ಮೂಲ ನಮ್ಮ ಕೋರಮಂಡಲ ತೀರದಿಂದ ಯುರೋಪಿಗೆ ಹೋದ ಅಚ್ಚಿನ ಹತ್ತಿಬಟ್ಟೆ ಎಂಬುದು ನೆನಪಾಗಿ, ಪರದೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಂತೆ. ವೆಸ್ಟ್ ವರ್ಜೀನಿಯಾದ ರಾಜ್ಯಪುಷ್ಪವಾದ ರೋಡೊಡೆಂಡ್ರಾನ್ ಅನ್ನು ಡ್ರೇಪರ್ ಇಲ್ಲಿಗೆಂದೇ ಬಟ್ಟೆಯ ಮೇಲೆ ತಂದರು. ಬ್ರೆಜಿಲ್‌ನಿಂದ ಅವರು ಹೊತ್ತುತಂದ ದೊಡ್ಡ ಎಲೆಗಳ ಚಿತ್ತಾರವೂ ಇಲ್ಲಿದೆ. ಬೆಂಗಳೂರಿನ ಕೆಫೆಗಳ ಗೋಡೆಗಳಲ್ಲಿ ಈಗ ಸಾಮಾನ್ಯವಾಗಿರುವ ಬಾಳೆಲೆ ವಾಲ್‌ಪೇಪರಿನ ವಂಶಾವಳಿ ಹುಡುಕಿದರೆ 1940ರ ದಶಕದ ಇಂಥ ಅಮೆರಿಕನ್ ಹೋಟೆಲುಗಳಿಗೇ ತಲುಪುತ್ತೇವೆ. ಬಾಳೆಲೆಯಲ್ಲಿ ಉಂಡು ಬೆಳೆದ ನಾವು ಅದನ್ನು ಸುತ್ತುದಾರಿಯಲ್ಲಿ ಗೋಡೆಗೆ ಏರಿಸಿಕೊಂಡಿದ್ದೇವೆ.

ಇಷ್ಟನ್ನು ಓದಿದವರಿಗೆ ಇದು ಜಾತ್ರೆಯ ಅಂಗಡಿ ಎನಿಸಬಹುದು. ಹಾಗೆ ಆಗದಿರುವುದೇ ಇಲ್ಲಿ ಗಮನಿಸಬೇಕಾದ ವಿಷಯ. ವಿಕ್ಟೋರಿಯನ್ ಬರವಣಿಗೆ ಕೋಣೆಯಲ್ಲಿ ಅರ್ಧ ಗಂಟೆ ಕುಳಿತರೆ ಕಾರಣ ತಿಳಿಯುತ್ತದೆ. ಅಲ್ಲಿನ ಗೋಡೆಗಳ ಹಸಿರು ಕಪ್ಪಿಗೆ ಹತ್ತಿರದ್ದು. ಅದರ ಎದುರಿಗೆ ಬಾಗಿಲು, ಕಿಟಕಿ, ಅಗ್ಗಿಷ್ಟಿಕೆಗಳ ಅಂಚು ಅಚ್ಚ ಬಿಳುಪು. ಕಣ್ಣು ಮೊದಲು ಈ ಬಿಳಿ ರೇಖೆಗಳನ್ನು ಹಿಡಿದು ಕೋಣೆಯ ಆಕಾರವನ್ನು ಗ್ರಹಿಸುತ್ತದೆ. ಹೂವು, ಕೆಂಪು, ಚಿನ್ನದ ಚೌಕಟ್ಟು ಎಲ್ಲ ಅನಂತರ ಬರುತ್ತವೆ. ಡ್ರೇಪರ್ ಅವರ ನಿಜವಾದ ಹಿಡಿತ ಇರುವುದು ಬಣ್ಣಕ್ಕಿಂತ ಹೆಚ್ಚಾಗಿ ಅಳತೆಯಲ್ಲಿ. ಎತ್ತರದ ಚಾವಣಿಯ ಕೋಣೆಯಲ್ಲಿ ಸಣ್ಣ ಹೂವಿನ ಬಟ್ಟೆ ಹಾಕಿದ್ದರೆ ದೂರದಿಂದ ಅದು ಕೊಳೆಯ ಕಲೆಯಂತೆ ಕಾಣುತ್ತಿತ್ತು. ಹೂವನ್ನು ನಾಲ್ಕು ಪಟ್ಟು ಹಿಗ್ಗಿಸಿ, ಬಾಗಿಲಿನ ಸುತ್ತಲ ಗಾರೆಯ ಉಬ್ಬುಕೆಲಸವನ್ನೂ ಅಷ್ಟೇ ದಪ್ಪ ಮಾಡಿ, ಆಮೇಲೆ ನಾಲ್ಕು ಜನ ಮೊಣಕಾಲು ತಾಗುವಂತೆ ಕುಳಿತು ಮಾತಾಡುವ ಹಾಗೆ ಕುರ್ಚಿಗಳನ್ನು ಗುಂಪು ಮಾಡಿಟ್ಟಿರುವುದರಿಂದ, ಅಷ್ಟು ದೊಡ್ಡ ಕಟ್ಟಡದಲ್ಲೂ ಯಾರದೋ ಮನೆಯ ಪಡಸಾಲೆಯಲ್ಲಿ ಕುಳಿತ ಹಾಗಿರುತ್ತದೆ. ಇಂದು ಅವರ ಶೈಲಿ ಎಂದು ಮಾರಾಟವಾಗುವ ಗುಲಾಬಿ ಕುಶನ್ನುಗಳಲ್ಲಿ ಕಾಣೆಯಾಗಿರುವುದು ಈ ಲೆಕ್ಕಾಚಾರ.

ಮಲಗುವ ಕೋಣೆಗಳ ಬಗ್ಗೆ ನನಗೆ ಇಷ್ಟು ಉತ್ಸಾಹವಿಲ್ಲ. ಏಳುನೂರಕ್ಕೂ ಹೆಚ್ಚು ಕೋಣೆಗಳಿದ್ದು, ಒಂದರಂತೆ ಇನ್ನೊಂದಿರಬಾರದೆಂಬ ಹಟ ಮೆಚ್ಚುವಂಥದ್ದೇ. ಆದರೆ ಲಾಬಿಯ ಅಳತೆಗೆ ಒಪ್ಪುವ ಹೂವು ಮಂಚದ ತಲೆಯ ಬಳಿ ಬಂದು ನಿಂತಾಗ ನಿದ್ದೆಗೆ ಅಡ್ಡ ಬರುತ್ತದೆ. ಗೋಡೆ, ಪರದೆ, ಹಾಸಿಗೆ ಮೂರೂ ಕಡೆ ಚಿತ್ತಾರವಿದ್ದ ನಮ್ಮ ಕೋಣೆಯಲ್ಲಿ ದೀಪ ಆರಿಸಿದ ಮೇಲಷ್ಟೇ ಕಣ್ಣಿಗೆ ಬಿಡುವು ಸಿಕ್ಕಿತು.

ಇನ್ನೊಂದು ಪ್ರಶ್ನೆಯೂ ಇದೆ: ನಾವು ನೋಡುವುದರಲ್ಲಿ ಡ್ರೇಪರ್ ಎಷ್ಟು, ಅವರ ಶಿಷ್ಯರು ಎಷ್ಟು? 1960ರ ದಶಕದಲ್ಲಿ ಸಂಸ್ಥೆಯ ಹೊಣೆ ಹೊತ್ತ ಕಾರ್ಲ್ಟನ್ ವಾರ್ನಿ 2022ರಲ್ಲಿ ತೀರಿಕೊಳ್ಳುವವರೆಗೂ ಈ ಹೋಟೆಲಿನ ಅಲಂಕಾರವನ್ನು ನೋಡಿಕೊಂಡರು. ಬಟ್ಟೆಗಳನ್ನು ಮತ್ತೆ ಅಚ್ಚು ಹಾಕಿಸಿದರು, ಬಣ್ಣಗಳನ್ನು ಇನ್ನಷ್ಟು ಏರಿಸಿದರು. 1948ರ ಕಪ್ಪು ಬಿಳುಪು ಚಿತ್ರಗಳೊಂದಿಗೆ ಹೋಲಿಸಿದಾಗ ಮೂಲದಲ್ಲಿ ಖಾಲಿ ಜಾಗ ಹೆಚ್ಚಿತ್ತು ಎನಿಸುತ್ತದೆ. ಆದರೂ ಈ ಮುತುವರ್ಜಿ ಇಲ್ಲದಿದ್ದರೆ ಇಲ್ಲಿಯೂ ಏನೂ ಉಳಿಯುತ್ತಿರಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಡ್ರೇಪರ್ 1954ರಲ್ಲಿ ಮಾಡಿಕೊಟ್ಟ, ಪಂಜರದಾಕಾರದ ತೂಗುದೀಪಗಳ ಪ್ರಸಿದ್ಧ ರೆಸ್ಟೊರೆಂಟ್ ಇದ್ದ ಜಾಗದಲ್ಲಿ ಈಗ ರೋಮನ್ ಶಿಲ್ಪಗಳಿವೆ.

ಹೋಟೆಲಿನ ಕೆಳಗೆ, ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸಂಸತ್ತಿಗೆಂದು ಗುಟ್ಟಾಗಿ ಕಟ್ಟಿದ ಅಣುಬಾಂಬ್ ಆಶ್ರಯತಾಣವಿದೆ. 1992ರಲ್ಲಿ ವಾಷಿಂಗ್ಟನ್ ಪೋಸ್ಟ್ ಅದನ್ನು ಬಯಲಿಗೆಳೆಯಿತು. ಅದರ ಒಂದು ಭಾರೀ ಉಕ್ಕಿನ ಬಾಗಿಲನ್ನು ದಶಕಗಳ ಕಾಲ ಮರೆಮಾಡಿದ್ದು ವಾಲ್‌ಪೇಪರ್ ಅಂಟಿಸಿದ ಮಡಿಸುವ ತಡಿಕೆ. ಎಲ್ಲ ಗೋಡೆಗಳೂ ಕೂಗುತ್ತಿರುವ ಕಟ್ಟಡದಲ್ಲಿ ಒಂದು ಗೋಡೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ವಾಷಿಂಗ್ಟನ್ ಸುತ್ತಮುತ್ತಲ ಕನ್ನಡಿಗರಿಗೆ ಕಾರಿನಲ್ಲಿ ನಾಲ್ಕು ಗಂಟೆಯ ಹಾದಿ. ವಾರಕ್ಕೆ ಮೂರು ದಿನ ಬರುವ ಕಾರ್ಡಿನಲ್ ರೈಲು ಹೋಟೆಲಿನ ಎದುರಿಗೇ ಇಳಿಸುತ್ತದೆ. ಬಾಡಿಗೆ ದುಬಾರಿಯಾದ್ದರಿಂದ ದೊಡ್ಡ ಕೋಣೆಗೆ ಹಣ ಸುರಿಯುವುದಕ್ಕಿಂತ ಚಿಕ್ಕದನ್ನು ಹಿಡಿದು, ಉಳಿದ ಹೊತ್ತನ್ನು ಲಾಬಿಗಳಲ್ಲಿ ಕಳೆಯುವುದೇ ಲಾಭ. ಬರವಣಿಗೆ ಕೋಣೆಯನ್ನು ಬೆಳಗ್ಗೆ ಬೇಗ ನೋಡಿ. ಮಧ್ಯಾಹ್ನದ ನಂತರ ಅಲ್ಲಿ ಕುರ್ಚಿ ಸಿಗುವುದು ಕಷ್ಟ. ಮುಖ್ಯ ಭೋಜನಶಾಲೆಯಲ್ಲಿ ರಾತ್ರಿಯ ಊಟಕ್ಕೆ ಗಂಡಸರು ಕೋಟು ತೊಟ್ಟಿರಬೇಕು, ಸಸ್ಯಾಹಾರಿಗಳು ಮೊದಲೇ ತಿಳಿಸಿಡುವುದು ಒಳ್ಳೆಯದು. ಆಶ್ರಯತಾಣ ನೋಡಲು ಬೇರೆ ಟಿಕೆಟ್ ಕೊಳ್ಳಬೇಕು; ಫೋನು, ಕ್ಯಾಮೆರಾಗಳನ್ನು ಒಳಗೆ ಬಿಡುವುದಿಲ್ಲ.