ಕುದುರೆಯ ಕೀಲುನೋವಿಗೆ ಐದು ಮದ್ದು ನೋಡಿದ್ದಾಯ್ತು, ನನ್ನ ವೋಟು ಕೀಲಿನ ಇಂಜೆಕ್ಷನ್‌ಗೆ

ಸುತ್ತಿ ಬಳಸದೆ ಹೇಳಿಬಿಡುತ್ತೇನೆ, ನನ್ನ ಒಲವು ಕೀಲಿಗೇ ಚುಚ್ಚುವ ಸ್ಟೀರಾಯ್ಡ್ ಇಂಜೆಕ್ಷನ್ ಕಡೆಗೆ. ಒಂದೂವರೆ ವರ್ಷದಲ್ಲಿ ಐದು ಬಗೆಯ ಮದ್ದು ನೋಡಿದ್ದೇನೆ, ಇನ್ನೊಮ್ಮೆ ದುಡ್ಡು ಹಾಕುವುದಾದರೆ ಮೊದಲು ಇದಕ್ಕೇ. ನನ್ನದು ಒಂದೇ ಕುದುರೆ. ಹೆಸರು ಕೆಂಚ, ವಯಸ್ಸು 16, ತೂಕ ಸುಮಾರು 450 ಕಿಲೋ. ರೇಸು, ಸ್ಪರ್ಧೆ ಯಾವುದೂ ಇಲ್ಲ, ವಾರಕ್ಕೆ ನಾಲ್ಕು ದಿನ ಹಗುರವಾದ ಸವಾರಿ ಅಷ್ಟೇ.

ನೋವಿದ್ದದ್ದು ಬಲ ಹಿಂಗಾಲಿನಲ್ಲಿ. ನಾನು ಮಾತ್ರ ಒಂದು ತಿಂಗಳು ಬಲ ಮುಂಗಾಲನ್ನೇ ನೋಡುತ್ತಾ ಕೂತಿದ್ದೆ! ಟ್ರಾಟ್ ಮಾಡುವಾಗ, ಅಂದರೆ ನಡಿಗೆಗಿಂತ ಜೋರಾದ ಹದವಾದ ಓಟದಲ್ಲಿ, ತಲೆ ಎತ್ತಿ ಇಳಿಸುತ್ತಿದ್ದ, ಮುಂಗಾಲೇ ಇರಬೇಕು ಅಂದುಕೊಂಡು ಲಾಳ ಕಿತ್ತು ಹೊಸದು ಕಟ್ಟಿಸಿದೆ. ಹಿಂಗಾಲು ನೋಯುವ ಕುದುರೆಯೂ ಭಾರ ಮುಂದಕ್ಕೆ ಹಾಕಿಕೊಂಡು ಹೀಗೇ ತಲೆ ಆಡಿಸುತ್ತದಂತೆ, ನೋಡುವವರಿಗೆ ಅದೇ ಬದಿಯ ಮುಂಗಾಲು ಕುಂಟಿದ ಹಾಗೆ ಕಾಣುತ್ತದಂತೆ. ಡಾಕ್ಟರು ಗೊರಸಿನ ಕಡೆಯಿಂದ ಶುರುಮಾಡಿ ಒಂದೊಂದೇ ಜಾಗ ಮರಗಟ್ಟಿಸುತ್ತಾ, ಪ್ರತಿ ಸಲ ಓಡಿಸಿ ನೋಡುತ್ತಾ ಮೇಲಕ್ಕೆ ಬಂದರು. ಹಾಕ್ ಅನ್ನುತ್ತಾರಲ್ಲ, ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಕಾಣುವ ಕೀಲು, ಅದರ ಕೆಳಭಾಗದ ಸಣ್ಣ ಕೀಲುಗಳಿಗೆ ಮರಗಟ್ಟಿಸುವ ಮದ್ದು ಕೊಟ್ಟಾಗ ಕುಂಟು ನಿಂತಿತು. ಎಕ್ಸ್‌ರೇಯಲ್ಲೂ ಸವಕಳಿ ಅಲ್ಲೇ.

ಗ್ಲುಕೋಸಮಿನ್ ಪುಡಿ: ಕೀಲಿಗೆ ಒಳ್ಳೆಯದು ಅಂತ ಮೇವಿಗೆ ಬೆರೆಸಿ ಕೊಡುವ ಪುಡಿ. ಡಾಕ್ಟರನ್ನು ಕರೆಸುವ ಮೊದಲೇ ತಂದಿದ್ದು, ಎರಡು ಡಬ್ಬ ಖಾಲಿ ಮಾಡಿದೆ. ಕುದುರೆಯ ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ ಅಂತ ಆಮೇಲೆ ಗೊತ್ತಾಯಿತು. ನಡಿಗೆಯಲ್ಲಿ ಏನೂ ಬದಲಾಗಲಿಲ್ಲ, ಆದರೆ ಕೆಂಚ ಅದನ್ನು ಬಕೆಟ್ ನೆಕ್ಕಿ ನೆಕ್ಕಿ ತಿಂದ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಬ್ಯೂಟ್. ಪೂರ್ತಿ ಹೆಸರು ಫಿನೈಲ್‌ಬ್ಯೂಟಾಝೋನ್, ಕುದುರೆ ಸಾಕುವವರಿಗೆಲ್ಲ ಗೊತ್ತಿರುವ ಹಳೆಯ ನೋವಿನ ಮದ್ದು. ಅಗ್ಗ, ಕೆಲಸವೂ ಮಾಡುತ್ತದೆ. ಡಾಕ್ಟರು ಬರೆದುಕೊಟ್ಟದ್ದು ಒಂದು ಗ್ರಾಂ ಪುಡಿ, ದಿನಕ್ಕೆ ಎರಡು ಹೊತ್ತು, ಮೇವಿಗೆ ಕಲಸಿ. ಕೇಳುವುದಕ್ಕೆ ಸುಲಭ ಅಲ್ವಾ? ಆದರೆ ಅದು ಕಹಿ, ಎಂಥಾ ಕಹಿ ಅಂದರೆ ಪ್ಯಾಕೆಟ್ ಹರಿದ ಬೆರಳನ್ನು ನಾನೇ ಒಮ್ಮೆ ಮರೆತು ಬಾಯಿಗಿಟ್ಟು ಅರ್ಧ ಗಂಟೆ ಉಗುಳುತ್ತಾ ಓಡಾಡಿದ್ದೆ.

ಮೊದಲ ದಿನ ತವುಡಿಗೆ ಕಲಸಿದೆ. ಸುತ್ತಲೂ ಮೂತಿಯಿಂದ ಸರಿಸಿ ಸರಿಸಿ ತಿಂದು, ಪುಡಿ ಹತ್ತಿದ ಮುದ್ದೆಯನ್ನು ಮಾತ್ರ ತಳದಲ್ಲಿ ಅಚ್ಚುಕಟ್ಟಾಗಿ ಬಿಟ್ಟಿದ್ದ. ಮಾರನೇ ದಿನ ಕಾಕಂಬಿ ಸುರಿದೆ. ಮೂಸಿ, ಮೇಲ್ದುಟಿ ಮಡಚಿ ಹಲ್ಲು ತೋರಿಸಿ ಆಚೆ ತಿರುಗಿದ. ಕ್ಯಾರೆಟ್ ಕೊರೆದು ಒಳಗೆ ತುಂಬಿ ಕೊಟ್ಟರೆ ಎರಡು ಸಲ ಮೋಸಹೋದ, ಮೂರನೇ ಸಲದಿಂದ ಬರೀ ಕ್ಯಾರೆಟ್ ಕೊಟ್ಟರೂ ಅನುಮಾನ. ಕೊನೆಗೆ ನೀರಿನಲ್ಲಿ ಕಲಸಿ, ಸೂಜಿ ಇಲ್ಲದ ದೊಡ್ಡ ಸಿರಿಂಜ್‌ಗೆ ತುಂಬಿ, ಬಾಯಿಯ ಪಕ್ಕದಲ್ಲಿ ಹಲ್ಲಿಲ್ಲದ ಸಂದಿಯಿಂದ ನಾಲಿಗೆ ಮೇಲೆ ಬಿಡಲು ಶುರುಮಾಡಿದೆ. ಗೆದ್ದೆ ಅಂದುಕೊಂಡೆ. ಅವನು ನುಂಗುತ್ತಿರಲಿಲ್ಲ. ದವಡೆಯಲ್ಲಿ ಹಿಡಿದುಕೊಂಡು, ನಾನು ಸಿರಿಂಜ್ ತೊಳೆಯಲು ತಿರುಗಿದಾಗ ಅಷ್ಟನ್ನೂ ನನ್ನ ಹೆಗಲ ಮೇಲೆ ಇಳಿಸುತ್ತಿದ್ದ.

ಇದು ಬರೀ ತಮಾಷೆಯ ಕಥೆಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ನಿಜವಾದ ತಲೆನೋವು ಏನಂದರೆ ಎಷ್ಟು ಒಳಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಒಂದು ದಿನ ಚೆನ್ನಾಗಿ ನಡೆಯುತ್ತಾನೆ, ಇನ್ನೊಂದು ದಿನ ಕುಂಟುತ್ತಾನೆ. ಮದ್ದು ಕೆಲಸ ಮಾಡುತ್ತಿಲ್ಲವೋ, ಮದ್ದು ಹೋಗೇ ಇಲ್ಲವೋ? ಉಗುಳಿರಬೇಕು ಅಂತ ಅಂದಾಜಿನ ಮೇಲೆ ಇನ್ನೊಂದು ಪ್ಯಾಕೆಟ್ ಕೊಡುವಂತೆಯೂ ಇಲ್ಲ, ಜಾಸ್ತಿಯಾದರೆ ಹೊಟ್ಟೆಯಲ್ಲಿ, ದೊಡ್ಡ ಕರುಳಿನಲ್ಲಿ ಹುಣ್ಣು, ಕಿಡ್ನಿಗೂ ಪೆಟ್ಟು. ಅದರ ಮೇಲೆ ಎರಡನೇ ವಾರಕ್ಕೆ ಅವನು ಮೇವನ್ನೇ ಅನುಮಾನಿಸಿ ಅರ್ಧಕ್ಕೆ ಬಿಡಲು ಶುರುಮಾಡಿದ. ಅರೆಹೊಟ್ಟೆಯ ಕುದುರೆಗೆ ಬ್ಯೂಟ್! ಡಾಕ್ಟರಿಗೆ ಫೋನ್ ಮಾಡಿ ನಿಲ್ಲಿಸಿದೆ.

ಬದಲಿಗೆ ಸ್ವಲ್ಪ ದಿನ ಬಿಟ್ಟು ಫಿರೊಕಾಕ್ಸಿಬ್ ಪೇಸ್ಟ್ ಬರೆದರು, ಅದೂ ಬ್ಯೂಟ್ ಜಾತಿಯ ನೋವಿನ ಮದ್ದೇ. ಎರಡನ್ನೂ ಒಟ್ಟಿಗೆ ಮಾತ್ರ ಕೊಡಲೇಬಾರದು. ಇದು ದಿನಕ್ಕೆ ಒಂದೇ ಸಲ, ಕಿಲೋ ತೂಕಕ್ಕೆ 0.1 ಮಿಲಿಗ್ರಾಂ ಲೆಕ್ಕ, ಹೆಚ್ಚೆಂದರೆ 14 ದಿನ. ಕೊಡಬೇಕಾದ ಪೇಸ್ಟ್ ಎಷ್ಟು ಚಿಕ್ಕದೆಂದರೆ ಉಗುಳಲು ಅವನಿಗೆ ಏನೂ ಸಿಗುತ್ತಿರಲಿಲ್ಲ. ಹೊಟ್ಟೆಗೆ ಬ್ಯೂಟ್‌ಗಿಂತ ಮೆತ್ತಗೆ, ಜೇಬಿಗೆ ಖಾರ. ಆರಾಮಾಗಿ ನಡೆದ. ಟ್ಯೂಬ್ ಮುಗಿದ ವಾರಕ್ಕೇ ಮತ್ತೆ ಗೊರಸಿನ ಮೂತಿ ನೆಲಕ್ಕೆ ಉಜ್ಜುವ ಸದ್ದು ಶುರು.

ಆಗ ಕೀಲಿಗೆ ಚುಚ್ಚಿಸಿದೆ. ಮುಂಚೆ ಧೈರ್ಯ ಬಂದಿರಲಿಲ್ಲ. ಸ್ಟೀರಾಯ್ಡ್‌ನಿಂದ ಗೊರಸಿನ ಉರಿಯೂತ, ಅಂದರೆ ಲ್ಯಾಮಿನೈಟಿಸ್ ಬರಬಹುದು ಅಂತ ಕೇಳಿದ್ದೆ, ಅದು ಸುಳ್ಳೂ ಅಲ್ಲ. ಇನ್ಸುಲಿನ್ ಏರುಪೇರಾಗಿರುವ ದಪ್ಪ ಕುದುರೆಗಳಿಗೆ ಭಯ ಜಾಸ್ತಿ. ಅದಕ್ಕೇ ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು, ಸರಿಯಿತ್ತು. ಆಮೇಲೆ ಮಂಪರು ಬರಿಸಿ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು. ಚುಚ್ಚಿದ್ದು ಒಂದೆರಡು ನಿಮಿಷ, ಅದಕ್ಕೂ ಮುಂಚೆ ಆ ಜಾಗ ತಿಕ್ಕಿ ತೊಳೆದದ್ದೇ ಹತ್ತು ನಿಮಿಷ. ಒಳಗೆ ಸೋಂಕು ಹೊಕ್ಕರೆ ಕೀಲೇ ಹೋಗುತ್ತದೆ, ಆಮೇಲಿನ ದಿನಗಳಲ್ಲಿ ಕಾಲು ಊದಿ ಬಿಸಿಯಾಗಿ ನೆಲಕ್ಕೆ ಊರಲಾರದಂತೆ ಆದರೆ ರಾತ್ರಿಯಾದರೂ ಸರಿ ಫೋನ್ ಮಾಡಿ ಅಂದರು. ಮೂರು ದಿನ ಪ್ರತಿ ಹೊತ್ತೂ ಕಾಲು ಮುಟ್ಟಿ ನೋಡಿದೆ. ಏನೂ ಆಗಲಿಲ್ಲ. ಕೆಲವು ದಿನ ಲಾಯ, ಆಮೇಲೆ ಕೈಯಲ್ಲಿ ಹಿಡಿದು ನಡೆಸುವುದು. ಎರಡನೇ ವಾರ ಟ್ರಾಟ್‌ಗೆ ಬಿಟ್ಟರೆ ತಲೆ ಅಲ್ಲಾಡಲಿಲ್ಲ. ಏಳು ತಿಂಗಳು ಬಾಳಿತು.

ಐದನೆಯದು ಪಾಲಿಸಲ್ಫೇಟೆಡ್ ಗ್ಲೈಕೊಸಮಿನೊಗ್ಲೈಕಾನ್, ಕೀಲಿನ ಮೃದ್ವಸ್ಥಿ ಸವೆಯದಂತೆ ಕಾಯಲು ಕೊಡುವ ಇಂಜೆಕ್ಷನ್. ಹೆಸರು ಹೇಳುವುದಕ್ಕಿಂತ ಚುಚ್ಚುವುದು ಸುಲಭ. ಸ್ನಾಯುವಿಗೆ 500 ಮಿಲಿಗ್ರಾಂ, ನಾಲ್ಕು ದಿನಕ್ಕೊಮ್ಮೆ, ಒಟ್ಟು ಏಳು ಸಲ. ಸೋಮವಾರ ಆದರೆ ಮುಂದಿನದು ಶುಕ್ರವಾರ, ಆಮೇಲೆ ಮಂಗಳವಾರ, ನಾನು ಒಂದು ದಿನ ಮರೆತೂ ಬಿಟ್ಟೆ. ಬೆಳಗ್ಗಿನ ಮೊದಲ ಹೆಜ್ಜೆಗಳು ಸ್ವಲ್ಪ ಸಲೀಸಾದವು ಅನ್ನಿಸಿತು, ಬಿಸಿಲು ಬಂದಿದ್ದಕ್ಕೂ ಇರಬಹುದು.

ರಕ್ತ ತೆಗೆದು ಅದರಿಂದಲೇ ಸೀರಮ್ ಮಾಡಿ ಚುಚ್ಚುವ ದಾರಿಯೂ ಇದೆ. ಖರ್ಚು ಕೇಳಿ ಸುಮ್ನೆ ಮನೆಗೆ ಬಂದೆ.

ನಾನು ಲಾಯಕ್ಕೆ ಹೋಗುವುದು ಕೆಲಸದ ಮುಂಚೆ ಒಂದು ಗಂಟೆ, ಸಂಜೆ ಒಂದು ಗಂಟೆ. ದಿನಾ ಬಾಯಿ ಬಿಡಿಸುವ ಜಗಳಕ್ಕೆ ನನ್ನ ಹತ್ತಿರ ಹೊತ್ತಿಲ್ಲ, ವರ್ಷಕ್ಕೆ ಒಂದೆರಡು ಸಲ ದೊಡ್ಡ ಬಿಲ್ ಕಟ್ಟುವುದು ನನಗೆ ವಾಸಿ. ಬಾಯಿಗೆ ಹಾಕಿದ್ದನ್ನೆಲ್ಲ ತಿನ್ನುವ ಕುದುರೆ ನಿಮ್ಮದಾಗಿದ್ದು, ಇಂಜೆಕ್ಷನ್‌ಗೆ ದುಡ್ಡು ಹೊಂದುವ ತನಕ ಕೆಲವು ದಿನ ತಳ್ಳಬೇಕಿದ್ದರೆ ಬ್ಯೂಟ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ, ತಪ್ಪೇನಿಲ್ಲ. ನಾನು ಕಳೆದ ತಿಂಗಳು ಎರಡನೇ ಸಲ ಕೀಲಿಗೆ ಚುಚ್ಚಿಸಿದೆ. ಕಪಾಟಿನಲ್ಲಿ ಫಿರೊಕಾಕ್ಸಿಬ್ ಟ್ಯೂಬ್ ಒಂದಿದೆ, ಡಾಕ್ಟರು ಹೇಳಿದಾಗ ಮಾತ್ರ ತೆಗೆಯುವುದು.

ಕೆಂಚ ಮಾತ್ರ ಸಿರಿಂಜ್ ಮರೆತಿಲ್ಲ. ಮೊನ್ನೆ ಜಂತುಹುಳದ ಪೇಸ್ಟ್ ಹಿಡಿದು ಹೋದರೆ ಲಾಯದ ಹಿಂದಿನ ಗೋಡೆಗೆ ಅಂಟಿಕೊಂಡು ನಿಂತ, ಇಬ್ಬರು ಹಿಡಿಯಬೇಕಾಯಿತು.