ಮೆಡಿಕಲ್ ಗಾಂಜಾ ಅಂಗಡಿ: ಒಳಗೆ ಎಲ್ಲ ಸರಿಯಿದೆ, ಊರೊಳಗೆ ಮಾತ್ರ ಇಲ್ಲ

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಡಾಕ್ಟರ ಶಿಫಾರಸಿನ ಮೇಲೆ ಗಾಂಜಾ ಕೊಡುವ ಅಂಗಡಿಗಳಿವೆ. ಡಿಸ್ಪೆನ್ಸರಿ ಅಂತಾರೆ. ನಮ್ಮ ಮನೆಯವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗ ಇದೆ. ಅವರ ಪರವಾಗಿ ಔಷಧ ತರುವವಳು ನಾನು. ಇಲ್ಲಿರುವ ಕನ್ನಡದವರು ಫೋನ್ ಮಾಡಿ ಮೆಲ್ಲಗೆ ಕೇಳುತ್ತಿರುತ್ತಾರೆ: "ಅಲ್ಲಿ ಎಂಥವರು ಬರ್ತಾರೆ? ಹೋಗೋಕೆ ಭಯ ಆಗಲ್ವಾ?" ಎಲ್ಲರಿಗೂ ಒಂದೇ ಸಲ ಹೇಳೋಣ ಅಂತ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕಿಲ್ಲ. ನಿಯಮಗಳೆಲ್ಲ ರಾಜ್ಯದ್ದು, ಹಾಗಾಗಿ ನೀವು ಯಾವ ಅಂಗಡಿಗೆ ಹೋದರೂ ಅನುಭವ ಹೆಚ್ಚು ಕಡಿಮೆ ಇದೇ.

ಮೊದಲು ಕಾರ್ಡ್ ಮಾಡಿಸಬೇಕು. ಕಾಯಿಲೆ ನೋಡುತ್ತಿರುವ ಡಾಕ್ಟರು ಈ ಯೋಜನೆಯಲ್ಲಿ ಹೆಸರು ನೋಂದಾಯಿಸಿದ್ದರೆ ಅವರೇ ಶಿಫಾರಸು ಬರೆಯುತ್ತಾರೆ. ಇಲ್ಲದಿದ್ದರೆ ನೋಂದಾಯಿಸಿದ ಇನ್ನೊಬ್ಬರನ್ನು ಹುಡುಕಬೇಕು. ರೋಗಿಯ ಬದಲು ನೀವು ಹೋಗುವುದಾದರೆ ಕೇರ್‌ಗಿವರ್ ಅಂತ ಬೇರೆ ನೋಂದಣಿ ಇದೆ, ಮೊದಲೆಲ್ಲ ಅದಕ್ಕೆ ಎಲ್ಲರೂ ಬೆರಳಚ್ಚು ಕೊಡಬೇಕಿತ್ತು, 2019ರ ಕಾನೂನು ಬಂದ ಮೇಲೆ ರೋಗಿಯ ಹತ್ತಿರದ ಕುಟುಂಬದವರಿಗೆ ಬೇಕಿಲ್ಲ. ನಾನೂ ಕೊಟ್ಟೆ. ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ. ನನಗೆ ಹಾಗನ್ನಿಸಲಿಲ್ಲ. ರೋಗಿಯ ಹೆಸರಲ್ಲಿ ಯಾರ್ಯಾರೋ ಹೋಗಿ ತರುವಂತಾಗಬಾರದು, ಅಲ್ವಾ? ಮೊದಮೊದಲು ರೋಗಿಯ ಕಾರ್ಡಿಗೆ 200 ಡಾಲರ್ ಇತ್ತು. 2018ರಲ್ಲಿ ಅರ್ಧ ಮಾಡಿದರು, ಆಮೇಲೆ ಇನ್ನೂ ಇಳಿಸಿದರು.

ಇನ್ನು ಅಂಗಡಿ. ಹೆದ್ದಾರಿ ಪಕ್ಕ, ಸುತ್ತ ಕಾರ್ ಶೋರೂಮು, ಗೋಡೌನು. ಬಾಗಿಲಲ್ಲಿ ಕಾವಲಿನವರು ಕಾರ್ಡ್ ಮತ್ತು ಗುರುತಿನ ಚೀಟಿ ನೋಡುತ್ತಾರೆ. ಒಳಗೆ ಕುರ್ಚಿಗಳಿವೆ, ಎಲ್ಲೆಲ್ಲೂ ಕ್ಯಾಮೆರಾ. ಅಲ್ಲಿ ಕೂತವರನ್ನು ನಾನು ಪ್ರತಿ ಸಲ ನೋಡುತ್ತೇನೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಹೆಂಗಸು. ವಾಕರ್ ಹಿಡಿದ ಅಜ್ಜ. ಕೆಲಸದ ಬೂಟಿನಲ್ಲೇ ಬಂದ ಬೆನ್ನು ನೋವಿನವರು. ಯಾರೂ ಜಾಸ್ತಿ ಮಾತಾಡುವುದಿಲ್ಲ. ಒಳಗೆ ಸೇದುವ ಹಾಗಿಲ್ಲ, ಹೊಗೆ ಇಲ್ಲ. 2022ರ ಏಪ್ರಿಲ್‌ನಿಂದ 21 ವರ್ಷ ತುಂಬಿದ ಯಾರು ಬೇಕಾದರೂ ಕಾರ್ಡ್ ಇಲ್ಲದೆ ಕೊಳ್ಳಬಹುದು ಎಂದಾದ ಮೇಲೆ ಜನ ಹೆಚ್ಚಾಗಿದ್ದಾರೆ. ಆದರೆ ರೋಗಿಗಳಿಗೆ ಮೊದಲ ಆದ್ಯತೆ ಕೊಡಲೇಬೇಕೆಂಬ ನಿಯಮವಿದೆ. ನಾನು ಹೋಗುವ ಕಡೆ ನಮಗೆ ಬೇರೆ ಸಾಲು ಇದೆ, ಅದನ್ನು ಸರಿಯಾಗಿ ಪಾಲಿಸುತ್ತಾರೆ.

ಸೇದುವುದೊಂದೇ ದಾರಿ ಅಂದುಕೊಂಡವರು ನಮ್ಮಲ್ಲಿ ಬಹಳ. ನಾವು ತರುವುದು ಟಿಂಕ್ಚರ್. ನಾಲಿಗೆಯ ಕೆಳಗೆ ಹಾಕಿಕೊಳ್ಳುವ ಹನಿ. ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಅಂತ ಬಾಟಲಿಯ ಮೇಲೆ ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿರುತ್ತದೆ. ಟಿಎಚ್‌ಸಿ ಮತ್ತೇರಿಸುವ ಅಂಶ, ಸಿಬಿಡಿ ಹಾಗಲ್ಲ. ಲ್ಯಾಬ್‌ನಲ್ಲಿ ಪರೀಕ್ಷೆಯಾದ ಮಾಲು ಮಾತ್ರ ಮಾರಬಹುದು. ಮುಚ್ಚಳ ಮಕ್ಕಳ ಕೈಗೆ ಸುಲಭಕ್ಕೆ ಬಗ್ಗುವುದಿಲ್ಲ. ನಮ್ಮ ಮನೆಯವರಿಗೂ ಕೆಲವು ಸಲ ಬಗ್ಗುವುದಿಲ್ಲ, ನಾನೇ ತೆಗೆದುಕೊಡುತ್ತೇನೆ.

ಕೆಲಸ ಮಾಡುತ್ತದಾ ಅಂತ ಕೇಳುತ್ತೀರಿ. ಇವರಿಗೆ ರಾತ್ರಿ ಕಾಲಿನ ಸ್ನಾಯುಗಳು ಕಟ್ಟಿಗೆಯ ಹಾಗೆ ಸೆಟೆದುಕೊಳ್ಳುತ್ತವೆ. ಅದಕ್ಕೆ ಬ್ಯಾಕ್ಲೋಫೆನ್ ಮಾತ್ರೆ ಇದೆ, ಡೋಸ್ ಹೆಚ್ಚಿಸಿದರೆ ಹಗಲೆಲ್ಲ ಮಂಪರು, ಕಾಲಿನ ಬಲವೂ ಕಡಿಮೆಯಾಗುತ್ತದೆ. ಹನಿ ಶುರು ಮಾಡಿದ ಮೇಲೆ ಸೆಳೆತ ಪೂರ್ತಿ ಹೋಗಿಲ್ಲ. ಆದರೆ ನಿದ್ದೆ ಬರುತ್ತಿದೆ. ಮಧ್ಯರಾತ್ರಿ ಎದ್ದು ಕಾಲು ನೀವುವುದು ಬಹಳ ಕಡಿಮೆಯಾಗಿದೆ. ಇದು ನಮ್ಮೊಬ್ಬರ ಮಾತಲ್ಲ. ಅಮೆರಿಕದ ನ್ಯಾಷನಲ್ ಅಕಾಡೆಮಿಗಳು ಎಂಬ ವಿಜ್ಞಾನ ಸಂಸ್ಥೆಗಳು 2017ರಲ್ಲಿ ಇದ್ದಬದ್ದ ಸಂಶೋಧನೆಗಳನ್ನೆಲ್ಲ ತೂಗಿ ನೋಡಿ ದೊಡ್ಡ ವರದಿ ಕೊಟ್ಟವು. ದೊಡ್ಡವರ ದೀರ್ಘಕಾಲದ ನೋವು, ಕೀಮೋಥೆರಪಿಯ ವಾಂತಿ, ಎಂಎಸ್ ರೋಗಿಗಳು ಹೇಳುವ ಸ್ನಾಯು ಸೆಳೆತ, ಈ ಮೂರಕ್ಕೆ ಒಳ್ಳೆಯ ಆಧಾರ ಸಿಕ್ಕಿತು. ಉಳಿದ ಎಷ್ಟೋ ಕಾಯಿಲೆಗಳಿಗೆ ಅಷ್ಟು ಆಧಾರ ಸಿಗಲಿಲ್ಲ. ಹಾಗಾಗಿ ಎಲ್ಲದಕ್ಕೂ ರಾಮಬಾಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಲೆ ತಿರುಗಬಹುದು, ಬಾಯಿ ಒಣಗಬಹುದು. ತೆಗೆದುಕೊಂಡು ಕಾರು ಓಡಿಸಲೇಬಾರದು.

ಅಂಗಡಿಯ ಕೊರತೆಗಳನ್ನೂ ಹೇಳಬೇಕು. ಕೌಂಟರಿನಲ್ಲಿರುವ ಹುಡುಗ ಹುಡುಗಿಯರು ಮೃದುವಾಗಿ ಮಾತಾಡುತ್ತಾರೆ, ಆದರೆ ಎಂಎಸ್ ಬಗ್ಗೆ ಎಲ್ಲರಿಗೂ ಗೊತ್ತಿಲ್ಲ. "ಇದು ಸ್ಟ್ರಾಂಗ್ ಇದೆ, ನೋಡಿ" ಅಂತ ತೋರಿಸುವವರಿದ್ದಾರೆ. ನಮಗೆ ಸ್ಟ್ರಾಂಗ್ ಬೇಡ, ಪ್ರತಿ ತಿಂಗಳು ಅದೇ ಬೇಕು. ಒಗ್ಗಿದ ಟಿಂಕ್ಚರ್ ಒಮ್ಮೊಮ್ಮೆ ಇರುವುದಿಲ್ಲ. ಬಿಪಿ ಮಾತ್ರೆ ಇಲ್ಲ, ಬೇರೆ ಏನಾದರೂ ತಗೊಳ್ಳಿ ಅಂತ ಔಷಧದ ಅಂಗಡಿಯವರು ಹೇಳುತ್ತಾರಾ? ಬೆಲೆಯೂ ಹಗುರವಲ್ಲ. ವಿಮೆ ಒಂದು ಪೈಸೆ ಕೊಡುವುದಿಲ್ಲ. ಒಂದು ಸಮಾಧಾನವೆಂದರೆ ಕಾರ್ಡ್ ಇರುವವರಿಗೆ 2022ರ ಜುಲೈನಿಂದ ರಾಜ್ಯದ ಮಾರಾಟ ತೆರಿಗೆ ಇಲ್ಲ. ಕಾರ್ಡ್ ಇಲ್ಲದೆಯೂ ಸಿಗುತ್ತದಲ್ಲ ಅಂತ ಅದನ್ನು ನವೀಕರಿಸದೆ ಬಿಡಬೇಡಿ.

ಆದರೆ ನನ್ನ ದೊಡ್ಡ ದೂರು ದಾರಿಯದು. ಅದಕ್ಕೆ ಅಂಗಡಿಯವರು ಕಾರಣರಲ್ಲ. ನಮ್ಮೂರಿನಲ್ಲಿ ಡಿಸ್ಪೆನ್ಸರಿ ಇಲ್ಲ. ಪಕ್ಕದ ಊರಿನಲ್ಲೂ ಇಲ್ಲ. ರೂಟ್ 1 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಹೋಯಿತು. ಮೊದಲ ಸಲ ಇವರು ತಾವೇ ಬರುತ್ತೇನೆಂದು ಬಂದಿದ್ದರು. ಅಷ್ಟು ಹೊತ್ತು ಕಾರಿನಲ್ಲಿ ಕೂತದ್ದಕ್ಕೇ ಕಾಲು ಸೆಟೆದುಕೊಂಡು ಇಳಿಯಲು ಆಗಲಿಲ್ಲ. ಕಾಲಿನ ಸೆಳೆತಕ್ಕೆ ಔಷಧ ತರಲು ಹೋಗಿ ಸೆಳೆತ ಜಾಸ್ತಿ ಮಾಡಿಕೊಂಡು ಬರುವುದು ಎಂಥ ಕಷ್ಟ! ಮನೆಗೇ ತಲುಪಿಸಲು ಕಾನೂನಿನಲ್ಲಿ ಅವಕಾಶವಿದೆ, ನಮ್ಮ ಕಡೆಗೆ ಆ ಸೇವೆ ಇನ್ನೂ ಸರಿಯಾಗಿ ಬಂದಿಲ್ಲ.

ಯಾಕೆ ಇಷ್ಟು ದೂರ? ಇದು ಮೊದಲಿನಿಂದ ಬಂದ ಕತೆ. 2010ರ ಜನವರಿ 18ರಂದು ಗವರ್ನರ್ ಜಾನ್ ಕೊರ್ಜೈನ್ ತಮ್ಮ ಅಧಿಕಾರ ಮುಗಿಯುವ ಹೊತ್ತಿಗೆ ರೋಗಿಗಳಿಗೆ ಗಾಂಜಾ ಕೊಡುವ ಕಾನೂನಿಗೆ ಸಹಿ ಹಾಕಿದರು. 2011ರಲ್ಲಿ ಅಂಗಡಿ ತೆರೆಯಲು ರಾಜ್ಯ ಆರು ಸಂಸ್ಥೆಗಳನ್ನು ಆರಿಸಿತು. ಉತ್ತರಕ್ಕೆ ಎರಡು, ಮಧ್ಯಕ್ಕೆ ಎರಡು, ದಕ್ಷಿಣಕ್ಕೆ ಎರಡು. ಆದರೆ ಜಾಗ ಕೊಡಬೇಕಾದವರು ಊರಿನವರು. ಯಾವ ಬೀದಿಯಲ್ಲಿ ಏನು ಬರಬೇಕು ಅನ್ನುವುದು ಇಲ್ಲಿ ಊರಿನ ಬೋರ್ಡಿನ ಕೈಯಲ್ಲಿದೆ. ಮೇಪಲ್ ಶೇಡ್‌ನಲ್ಲಿ ಬೇಡ ಅಂದರು. ವೆಸ್ಟಾಂಪ್ಟನ್‌ನಲ್ಲಿ ಬೇಡ ಅಂದರು. ಅಪ್ಪರ್ ಫ್ರೀಹೋಲ್ಡ್‌ನವರು ಅಮೆರಿಕದ ಕೇಂದ್ರ ಕಾನೂನಿಗೆ ವಿರುದ್ಧವಾದದ್ದು ನಮ್ಮಲ್ಲಿ ನಡೆಯಕೂಡದು ಎಂದು ಊರಿನ ನಿಯಮವನ್ನೇ ಮಾಡಿಕೊಂಡರು. ಕೇಂದ್ರ ಕಾನೂನು 1970ರಿಂದ ಗಾಂಜಾವನ್ನು ಹೆರಾಯಿನ್ ಇದ್ದ ಪಟ್ಟಿಯಲ್ಲೇ ಇಟ್ಟಿತ್ತು, ಅದನ್ನೇ ಅವರು ಹಿಡಿದುಕೊಂಡರು. ಮೊದಲ ಅಂಗಡಿ ಮಾಂಟ್‌ಕ್ಲೇರ್‌ನಲ್ಲಿ ಬಾಗಿಲು ತೆರೆದದ್ದು 2012ರ ಡಿಸೆಂಬರ್ 6ಕ್ಕೆ. ಸಹಿ ಬಿದ್ದು ಸುಮಾರು ಮೂರು ವರ್ಷ! ವೆಸ್ಟಾಂಪ್ಟನ್ ಬಿಟ್ಟು ಹೋದವರು ಎಗ್ ಹಾರ್ಬರ್‌ನಲ್ಲಿ 2013ರಲ್ಲಿ ಶುರು ಮಾಡಿದರು. ಆರನೆಯದು ಸಿಕಾಕಸ್‌ನಲ್ಲಿ ತೆರೆಯುವ ಹೊತ್ತಿಗೆ 2018 ಆಗಿತ್ತು.

ಅಷ್ಟು ವರ್ಷ ರೋಗಿಗಳು ಏನು ಮಾಡಿದರು? ಸ್ಕಾಚ್ ಪ್ಲೇನ್ಸ್ ಊರಿನ ಒಂದು ಪುಟ್ಟ ಹೆಣ್ಣು ಮಗುವಿಗೆ ಡ್ರಾವೆಟ್ ಸಿಂಡ್ರೋಮ್ ಇತ್ತು, ನಿಲ್ಲದ ಮೂರ್ಛೆ ರೋಗ. ಅದರ ಅಪ್ಪ 2013ರಲ್ಲಿ ಗವರ್ನರ್ ಕ್ರಿಸ್ಟಿ ಎದುರು ನಿಂತು ಮಗಳನ್ನು ಉಳಿಸಿಕೊಡಿ ಎಂದು ಬೇಡಿಕೊಂಡರು. ಮಗುವಿಗೆ ಬೇಕಾದ ಔಷಧ ಇಲ್ಲಿ ಸರಿಯಾಗಿ ಸಿಗದೆ ಆ ಕುಟುಂಬ 2014ರಲ್ಲಿ ಕೊಲರಾಡೊಗೆ ಹೊರಟುಹೋಯಿತು. ಹೋವೆಲ್ ಊರಿನ ಜೇಕ್ ಹೋನಿಗ್‌ಗೆ ಮೆದುಳಿನ ಕ್ಯಾನ್ಸರ್. ತಿಂಗಳಿಗೆ ಎರಡೇ ಔನ್ಸ್ ಎಂಬ ಮಿತಿ ಅವನಿಗೆ ಸಾಲುತ್ತಿರಲಿಲ್ಲ. 2018ರ ಜನವರಿಯಲ್ಲಿ ತೀರಿಕೊಂಡ, ಆಗ ಅವನಿಗೆ ಏಳು ವರ್ಷ. 2019ರ ಜುಲೈನಲ್ಲಿ ಗವರ್ನರ್ ಮರ್ಫಿ ಅವನ ಹೆಸರಿನಲ್ಲೇ ಹೊಸ ಕಾನೂನಿಗೆ ಸಹಿ ಹಾಕಿದರು. ಮಿತಿ ಮೂರು ಔನ್ಸ್ ಆಯಿತು. ಮನೆಗೆ ತಲುಪಿಸುವ ಅವಕಾಶವೂ ಬಂದಿದ್ದು ಅದರಿಂದಲೇ. ಮನೆಯಲ್ಲಿ ಗಿಡ ಬೆಳೆಸಲು ಮಾತ್ರ ರೋಗಿಗಳಿಗೂ ಅನುಮತಿ ಇಲ್ಲ. ಅಂದರೆ ಅಂಗಡಿಯೇ ಗತಿ, ಅದನ್ನೇ ಊರಿನವರು ಬೇಡ ಅನ್ನುತ್ತಾರೆ.

ನಮ್ಮೂರಿನ ಸಭೆಗೆ ನಾನು ಹೋಗಿದ್ದೆ. ಅಂಗಡಿ ಬರಲಿ, ಬೇಡ ಅನ್ನುವ ಚರ್ಚೆ. ಸಾಲಾಗಿ ನಿಂತು ಬೇಡ ಎಂದವರಲ್ಲಿ ಭಾರತೀಯರು ಬಹಳ ಮಂದಿ ಇದ್ದರು, ನಮ್ಮ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂರುವವರೂ ಇದ್ದರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಶಾಲೆ ಹತ್ತಿರ ಬೇಡ ಎನ್ನುವುದು ಸರಿಯಾದ ಮಾತು. ಮಿಠಾಯಿಯಂತೆ ಕಾಣುವ ಗಾಂಜಾ ಗಮ್ಮಿಗಳನ್ನು ಮಕ್ಕಳು ತಿಂದುಬಿಡುವ ಭಯ ನಿಜವಾದದ್ದು. ಪಾರ್ಕಿಂಗ್ ತೊಂದರೆ ಆಗುತ್ತದೆ, ನಾನೇ ನೋಡಿದ್ದೇನೆ. ಮೋಜಿಗೆ ಸೇದುವುದರ ಪರ ನಾನೂ ಇಲ್ಲ. ಆದರೆ ಇವಕ್ಕೆಲ್ಲ ಷರತ್ತು ಹಾಕಬಹುದು. ಶಾಲೆಯಿಂದ ಇಷ್ಟು ದೂರ, ಇಷ್ಟು ಗಂಟೆಗೆ ಮುಚ್ಚಬೇಕು, ಇಷ್ಟು ಕಾರಿಗೆ ಜಾಗ ಇರಬೇಕು, ರೋಗಿಗಳಿಗೆ ಮಾತ್ರ ಮಾರಬೇಕು ಅಂತ. ಷರತ್ತಿನ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ಔಷಧದ ಅಂಗಡಿಯನ್ನೂ ಮೋಜಿನ ಅಂಗಡಿಯನ್ನೂ ಒಂದೇ ಮಾಡಿ ಮಾತಾಡಿದರು.

ಇದು ನಮ್ಮ ಸಂಸ್ಕೃತಿಯಲ್ಲ ಎಂದರು ಒಬ್ಬ ಹಿರಿಯರು. ನಾನು ಸಾಗರದ ಕಡೆಯವಳು. ಭಂಗಿಸೊಪ್ಪಿನ ಹೆಸರು ಕೇಳಿಯೇ ಬೆಳೆದವಳು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದ ಅಂತ ಕೊಡುತ್ತಾರೆ. ಭಾರತದ 1985ರ ಕಾನೂನೂ ಹೂವಿನ ತುದಿಯನ್ನು ನಿಷೇಧಿಸಿ, ಬರೀ ಎಲೆಯನ್ನೂ ಬೀಜವನ್ನೂ ಹೊರಗಿಟ್ಟಿದೆ. ಒಳ್ಳೆಯದೋ ಕೆಟ್ಟದ್ದೋ, ಈ ಗಿಡ ನಮಗೆ ಹೊಸದಲ್ಲ.

ಆದರೆ ಆ ಸಂಜೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಬೇಕು ಅನ್ನುವವರು ಯಾಕೆ ಇರಲಿಲ್ಲ? ಇದ್ದರು, ಬಾಯಿ ಬಿಡುವ ಹಾಗಿರಲಿಲ್ಲ. ಮೈಕಿನ ಮುಂದೆ ನಿಂತವರು ಮೊದಲು ಹೆಸರು, ವಿಳಾಸ ಹೇಳಬೇಕು. ಅದು ದಾಖಲೆಗೆ ಹೋಗುತ್ತದೆ. ಇಲ್ಲಿಯ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ: ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು. ಎಚ್‌-1ಬಿ ಮೇಲೆ ಇರುವವರು, ಗ್ರೀನ್ ಕಾರ್ಡಿಗೆ ಕಾಯುತ್ತಾ ಕೂದಲು ಬೆಳ್ಳಗಾದವರು, ಕೀಮೋ ತಗೊಳ್ಳುತ್ತಿದ್ದರೂ, ಎದ್ದು ನಿಂತು ನನಗೆ ಇದು ಬೇಕು ಅಂತ ಹೇಳುವುದು ಹೇಗೆ? ಕೆಲಸದಲ್ಲಿ ಗೊತ್ತಾದರೆ ಏನಾಗುತ್ತದೋ ಅನ್ನುವ ಹೆದರಿಕೆ ಇನ್ನೊಂದು. ನಮ್ಮವರಲ್ಲಿ ಕ್ಯಾನ್ಸರ್ ಎಂಬ ಮಾತನ್ನೇ ಬಾಯಿಬಿಟ್ಟು ಹೇಳುವುದಿಲ್ಲ. ಹೀಗಾಗಿ ಬೋರ್ಡಿನವರ ಕಿವಿಗೆ ಬಿದ್ದದ್ದು ಒಂದೇ ಕಡೆಯ ಮಾತು. ಅವರು ಲೆಕ್ಕ ಹಾಕಿದ್ದೂ ಅದನ್ನೇ. ಇಡೀ ರಾಜ್ಯದಲ್ಲಿ ನಡೆದದ್ದೂ ಇದೇ ಥರ. 2020ರ ನವೆಂಬರಿನಲ್ಲಿ ಮೂರರಲ್ಲಿ ಎರಡು ಪಾಲು ಮತ ದೊಡ್ಡವರಿಗೆಲ್ಲ ಗಾಂಜಾ ಕಾನೂನುಬದ್ಧ ಮಾಡುವುದರ ಪರ ಬಿತ್ತು. ಮತಪೆಟ್ಟಿಗೆ ಯಾರ ಹೆಸರೂ ಕೇಳುವುದಿಲ್ಲ. ಮರುವರ್ಷ ಆಗಸ್ಟ್‌ನೊಳಗೆ ನಿಮ್ಮೂರಿಗೆ ಇಂಥ ಅಂಗಡಿ ಬೇಕೋ ಬೇಡವೋ ಹೇಳಿ ಎಂದಾಗ, 565 ಊರುಗಳಲ್ಲಿ ಹೆಚ್ಚಿನವು ಬೇಡ ಅಂದವು.

ಆದ್ದರಿಂದ ಸೇವೆ ಬಳಸಬೇಕೆಂದಿರುವ ನಮ್ಮವರಿಗೆ ಹೇಳುವುದು ಇಷ್ಟು. ಪೌರತ್ವ ಇಲ್ಲದಿದ್ದರೆ ಕಾರ್ಡ್ ಮಾಡಿಸುವ ಮುಂಚೆ ವಲಸೆ ವಕೀಲರನ್ನು ಕೇಳಿ, ಇದರಲ್ಲಿ ಅಸಡ್ಡೆ ಬೇಡ. ಭಾರತಕ್ಕೆ ಹೋಗುವಾಗ ಬ್ಯಾಗಿನಲ್ಲಿ ಒಂದು ಹನಿಯೂ ಇರಬಾರದು. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕಿ ಇಡಿ. ಕಡಿಮೆ ಡೋಸಿನಿಂದ ಶುರು ಮಾಡಿ, ಎಷ್ಟು ತಗೊಂಡರು, ರಾತ್ರಿ ಹೇಗಿತ್ತು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟು ನರರೋಗದ ಡಾಕ್ಟರಿಗೆ ತೋರಿಸಿ.

ವಿರೋಧಿಸುವವರು ಒಂದು ಸಲ ನನ್ನ ಜೊತೆ ಆ ಅಂಗಡಿಯ ತನಕ ಬನ್ನಿ. ಹೊರಗೆ ನಿಂತು ಯಾರು ಬರುತ್ತಾರೆ, ಹೇಗೆ ಬರುತ್ತಾರೆ ನೋಡಿ. ಕಾರು ನಾನೇ ಓಡಿಸುತ್ತೇನೆ.

ನಮ್ಮೂರಿನಲ್ಲಿ ಈ ವಿಷಯ ಮತ್ತೆ ಸಭೆಗೆ ಬಂದಾಗ ನಾನು ಮಾತಾಡುತ್ತೇನೆ. ಮನೆಯವರೂ ಒಪ್ಪಿದ್ದಾರೆ. ನಮಗೆ ಪೌರತ್ವ ಇದೆ, ಹೆಸರು ಹೇಳಲು ಭಯವಿಲ್ಲ. ಪೌರತ್ವ ಇರುವವರು, ಮನೆಯಲ್ಲಿ ಕಾಯಿಲೆ ಇರಲಿ ಇಲ್ಲದಿರಲಿ, ದಯವಿಟ್ಟು ಬಂದು ನಿಲ್ಲಿ. ವೀಸಾದಲ್ಲಿರುವವರು ಬರುವುದು ಬೇಡ. ನಿಮ್ಮ ಕಷ್ಟ ಏನೆಂದು ನನಗೆ ಹೇಳಿ. ಹೆಸರು, ವಿಳಾಸ ಏನೂ ಹೇಳದೆ ನಿಮ್ಮ ಮಾತನ್ನು ನಾನು ಅಲ್ಲಿ ಓದುತ್ತೇನೆ.